ಬೆನ್ನು ಬಾಕಿ ಇದೆ

ಕುಮಟೆಯಲ್ಲಿ ಹೆದ್ದಾರಿಯ ಬದಿಗೆ ಮನೆ ಸಿಂಗರಿಸುವ ಸಾಮಾನಿನ ಹೊಸ ಅಂಗಡಿಯೊಂದು ತೆರೆದಿದೆ. ಹೋದ ವಾರ ಬಚ್ಚಲಿನ ನಲ್ಲಿ ಕೊಳ್ಳಲು ಹೋದವನು ಅಲ್ಲಿಯ ಗೋಡೆ ನೋಡುತ್ತ ನಿಂತುಬಿಟ್ಟೆ. ಫೈಬರಿನಲ್ಲಿ ಮಾಡಿದ ಉಬ್ಬು ಆಕೃತಿಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದು ನುಣುಪಾದ ಮೈಯ ನಡುವೆ ದೊಡ್ಡ ತೂತು. ಇನ್ನೊಂದರಲ್ಲಿ ಕಡ್ಡಿಯಂಥ ಉದ್ದುದ್ದ ಮನುಷ್ಯರು. ಮತ್ತೊಂದು ಬರೀ ಮೊಟ್ಟೆ. "ಫಾರಿನ್ ಡಿಸೈನ್ ಸರ್, ಈಗ ಎಲ್ಲರ ಹಾಲಿನಲ್ಲೂ ಇದೇ," ಎಂದರು ಅಂಗಡಿಯವರು. ನಾನು ಅಭ್ಯಾಸಬಲದಿಂದ ಒಂದನ್ನು ಇಳಿಸಿ ಹಿಂದೆ ತಿರುಗಿಸಿ ನೋಡಿದೆ. ಒಳಗೆ ಪೊಳ್ಳು, ಎರಡು ಮೊಳೆಯ ಕಿಂಡಿ, ಒಂದು ಅಂಟುಚೀಟಿ.

"ಇದಕ್ಕೆ ಬೆನ್ನೇ ಇಲ್ವಲ್ಲ," ಎಂದೆ.

"ಗೋಡೆಗೆ ಹಾಕೂದಕ್ಕೆ ಬೆನ್ನು ಎಂತಕೆ ಸರ್?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಲ್ಲವರು ಒಬ್ಬರಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಇದ್ದಿದ್ದರೆ ಆ ಅಂಗಡಿಯವರನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ಒಂದು ತಾಸು ಪಾಠ ಮಾಡುತ್ತಿದ್ದರು. ನಾನು ನಲ್ಲಿ ತೆಗೆದುಕೊಂಡು ಸುಮ್ಮನೆ ಬಂದೆ.

ಅವರು ಗಾರೆ ಮೇಸ್ತ್ರಿ. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಮನೆ ಕಟ್ಟಿಸಿದವರು ಮುಂಗೋಡೆಗೆ ಏನಾದರೂ ಚಂದ ಮಾಡಿಸಬೇಕೆಂದರೆ ಅವರನ್ನು ಕರೆಯುತ್ತಿದ್ದರು. ಕರೆದವರಲ್ಲಿ ಅರ್ಧದಷ್ಟು ಜನ ಆಮೇಲೆ ಹಣೆ ಚಚ್ಚಿಕೊಂಡದ್ದೂ ನಿಜ. ಯಾಕೆಂದರೆ ಜೋಡಿ ನವಿಲು ಮಾಡಿ ಎಂದರೆ ಮೇಸ್ತ್ರಿ ತಲೆಯಾಡಿಸಿ ಒಪ್ಪಿಕೊಂಡು, ಹದಿನೈದು ದಿನ ಗೋಣಿಚೀಲದ ಪರದೆ ಕಟ್ಟಿ ಕೆಲಸ ಮಾಡಿ, ಕೊನೆಗೆ ಪರದೆ ಸರಿಸಿದರೆ ಒಳಗೆ ನವಿಲು ಇರುತ್ತಿರಲಿಲ್ಲ. "ನವಿಲು ಹಾರಿಹೋಯ್ತು, ಇದು ಉಳೀತು," ಎಂದು ತಾವೇ ಮೊದಲು ನಗುತ್ತಿದ್ದರು. ಕುಳ್ಳಗಿನ ಆಳು, ಹುಬ್ಬಿನಲ್ಲಿ ಸದಾ ಸಿಮೆಂಟಿನ ಪುಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ ತುಂಡು. ಅಷ್ಟು ನಗುವವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಸಾಧ್ಯ?

ಈ ಎಲ್ಲ ಅವಾಂತರಕ್ಕೆ ಮೂಲ ಒಂದು ಪುಸ್ತಕ. ಪ್ರಾಯದಲ್ಲಿ ಅವರು ನೆಲಕ್ಕೆ ಹಾಸಲು ಹಳೆ ಕಾಗದ ತರಲೆಂದು ಭಟ್ಕಳದ ರದ್ದಿ ಅಂಗಡಿಗೆ ಹೋದಾಗ ಸಿಕ್ಕಿದ್ದು. ರಟ್ಟು ಇಲ್ಲ, ಮೊದಲ ಪುಟಗಳನ್ನು ಇಲಿ ತಿಂದಿತ್ತು, ಇಂಗ್ಲಿಷಿನ ಬರಹವಿದ್ದ ಪುಟಗಳನ್ನು ಅಂಗಡಿಯವನು ಕಡಲೆ ಕಟ್ಟಲು ಹರಿದಿದ್ದ. ಉಳಿದದ್ದು ಫೋಟೋಗಳು ಮಾತ್ರ. ನಮ್ಮ ಕಾಲದ ದೊಡ್ಡ ದೊಡ್ಡ ವಿದೇಶಿ ಶಿಲ್ಪಿಗಳ ಕೆಲಸದ ಕಪ್ಪು-ಬಿಳುಪು ಫೋಟೋಗಳು. ಮೇಸ್ತ್ರಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕರಣೆಯ ಜೊತೆ ಚೀಲದಲ್ಲಿ ಒಯ್ಯುತ್ತಿದ್ದರು. ಹೆಸರುಗಳಿದ್ದ ಪುಟವೇ ಇಲ್ಲದ್ದರಿಂದ ಆ ಶಿಲ್ಪಿಗಳಿಗೆಲ್ಲ ತಾವೇ ಹೆಸರಿಟ್ಟಿದ್ದರು. ಮೈಯಲ್ಲಿ ತೂತು ಕೊರೆಯುವವನು ತೂತಿನಜ್ಜ. ಸಪೂರ ಮನುಷ್ಯರನ್ನು ಮಾಡುವವನು ಕಡ್ಡಿ ಮಾಮ. ಎಲ್ಲವನ್ನೂ ಉಜ್ಜಿ ಉಜ್ಜಿ ಮೊಟ್ಟೆಯಷ್ಟು ನುಣುಪು ಮಾಡುವವನು ಮೊಟ್ಟೆಯಪ್ಪ. ತೂತಿನ ಅಡ್ಡಕ್ಕೆ ತಂತಿ ಬಿಗಿಯುವ ಒಬ್ಬ ಹೆಂಗಸೂ ಇದ್ದಳು, ಅವಳು ತಂತಿಯಮ್ಮ.

"ಇಲ್ಲಿ ಗಾಳಿ ನಿಲ್ತದೆ. ತೂತಿನಜ್ಜ ಆಗಿದ್ರೆ ಇಲ್ಲೊಂದು ಕೊರೀತಿದ್ದ," ಎಂದು ಅವರು ಗೋಡೆಯ ಮುಂದೆ ನಿಂತು ಹೇಳುವಾಗ ಆ ಅಜ್ಜ ಹಿರೇಗುತ್ತಿಯಲ್ಲೋ ಸಂತೆಗುಳಿಯಲ್ಲೋ ಇದ್ದಾನೆ, ನಾಳೆ ಬಸ್ಸಿಗೆ ಬರುತ್ತಾನೆ ಎನ್ನಿಸುತ್ತಿತ್ತು. ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು, ಗೊತ್ತಿಲ್ಲದ್ದನ್ನು ಹುಡುಕಿ ಹೇಳುವ ಚಟ. ಅವರ ನಿಜವಾದ ಹೆಸರುಗಳನ್ನು ಪತ್ತೆ ಮಾಡಿ ಕೊಡುತ್ತೇನೆ ಎಂದೆ. ಅವರು ಕೈ ಅಡ್ಡ ಹಿಡಿದರು.

"ಬೇಡ ಮಾಸ್ತರ್ರೇ. ಹೆಸರು ಗೊತ್ತಾದ ಕೂಡ್ಲೆ ದೊಡ್ಡವರಾಗಿಬಿಡ್ತಾರೆ. ಈಗ ನಮ್ಮ ಬದಿಯವರ ಹಾಂಗೇ ಇದ್ದಾರೆ."

ಆ ಕಾರಣಕ್ಕೇ ನಾನು ಇಲ್ಲಿ ಮೇಸ್ತ್ರಿಯ ಹೆಸರನ್ನೂ ಬರೆಯುತ್ತಿಲ್ಲ.

ಅವರ ಕೆಲಸದ ಕ್ರಮವೇ ಬೇರೆ. ಗಾರೆ ಹಸಿ ಇರುವಾಗ ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಇಡೀ ಗೋಡೆಯನ್ನು ತಡವುತ್ತಿದ್ದರು. ಕಣ್ಣಿಗೆ ಸರಿಯಾಗಿ ಕಂಡದ್ದು ಕೈಗೆ ತಪ್ಪು ಅನಿಸಿದರೆ ಕೆರೆದು ತೆಗೆದು ಮತ್ತೆ ಮೆತ್ತುತ್ತಿದ್ದರು. ಮನೆಯವರೂ ಕಣ್ಣು ಮುಚ್ಚಿ ಮುಟ್ಟಿ ನೋಡಬೇಕೆಂಬುದು ಅವರ ಷರತ್ತು. ಹಿರೇಗುತ್ತಿಯ ಒಂದು ಮನೆಯಲ್ಲಿ ಅವರು ಕಡ್ಡಿ ಮಾಮನ ಪದ್ಧತಿಯಲ್ಲಿ ಆಳೆತ್ತರದ ಒಬ್ಬ ಸಪೂರ ಮನುಷ್ಯನನ್ನು ಗೋಡೆಯ ಮೇಲೆ ನಿಲ್ಲಿಸಿದರು. ಆ ಮನೆಯ ಅಜ್ಜಿ ಕಣ್ಣು ಮುಚ್ಚಿ ಮುಟ್ಟಿ ನೋಡಿ, "ಅಯ್ಯ, ಇವಂಗೆ ಊಟ ಹಾಕೂಕೆ ಯಾರೂ ಇಲ್ವಾ?" ಎಂದಳಂತೆ. ಅಂದಿನಿಂದ ಹಬ್ಬದ ದಿನ ಪಾಯಸ ಮಾಡಿದರೆ ಅಜ್ಜಿ ಆ ಮನುಷ್ಯನ ಕಾಲ ಬುಡದಲ್ಲೂ ಒಂದು ಲೋಟ ಇಡುತ್ತಾಳೆ. ಮೇಸ್ತ್ರಿ ಇದನ್ನು ತಮಗೆ ಸಿಕ್ಕಿದ ದೊಡ್ಡ ಪ್ರಶಸ್ತಿಯೆಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ನಮ್ಮ ಮನೆಯ ಗೋಡೆಯ ಕತೆ ಮಾತ್ರ ಅಷ್ಟು ಸಲೀಸಾಗಿರಲಿಲ್ಲ.

ಹೊನ್ನಾವರದ ಈ ಮನೆ ನಾನು ಕಟ್ಟಿಸಿದ್ದೆಂದು ಕಾಗದದಲ್ಲಿದೆ, ಆದರೆ ಇದು ಅಮ್ಮನ ಮನೆ. ಅಪ್ಪ ಬೇಗ ಹೋದ ಮೇಲೆ ಅಮ್ಮ ಮೀನಿನ ಬುಟ್ಟಿ ಹೊತ್ತು ಊರೂರು ನಡೆದು ನಮ್ಮನ್ನು ಓದಿಸಿದಳು. ಮನೆ ಮುಗಿಯುವಾಗ ಅವಳು ಕೇಳಿದ್ದು ಒಂದೇ, ಜಗಲಿಯ ಗೋಡೆಗೆ ಜೋಡಿ ನವಿಲು. ನಾನು ಮೇಸ್ತ್ರಿಯನ್ನು ಕರೆತಂದು, ಅಮ್ಮನಿಗೆ ಕೇಳಿಸದ ಹಾಗೆ, "ನಿಮಗೆ ತೋಚಿದ್ದು ಮಾಡಿ," ಎಂದುಬಿಟ್ಟೆ. ತಪ್ಪು ನನ್ನದೇ.

ಪರದೆ ಸರಿದಾಗ ಅಲ್ಲಿ ನಿಂತಿದ್ದವಳು ಬುಟ್ಟಿ ಹೊತ್ತ ಹೆಂಗಸು. ಎದುರಿನಿಂದ ನಮ್ಮತ್ತ ಬರುತ್ತಿರುವವಳು. ಉದ್ದನೆಯ ಬಾಗಿದ ಮೈ, ಬುಟ್ಟಿಗೆ ಎತ್ತಿದ ಒಂದು ಕೈ. ಆ ಕೈಗೂ ತಲೆಗೂ ನಡುವೆ ತೆಂಗಿನಕಾಯಿ ಗಾತ್ರದ ತೂತು, ಚಿರೆಕಲ್ಲಿನ ಗೋಡೆ ದಾಟಿ ಆಚೆ ಅಮ್ಮನ ಕೋಣೆಗೆ ತೆರೆದದ್ದು. ಮುಖದ ಜಾಗದಲ್ಲಿ ಮೊಟ್ಟೆಯಷ್ಟು ನುಣುಪು. ಅಮ್ಮ ಬಹಳ ಹೊತ್ತು ನೋಡಿದಳು.

"ಇದು ನಾನಾ?"

"ಹೌದಮ್ಮ," ಎಂದರು ಮೇಸ್ತ್ರಿ ಹೆಮ್ಮೆಯಿಂದ.

"ನನಗೆ ಮುಖ ಇಲ್ವಾ?"

ಮೇಸ್ತ್ರಿ ಮೊಟ್ಟೆಯಪ್ಪನ ಫೋಟೋ ತೆಗೆದು ತೋರಿಸಿದರು. ಅಮ್ಮ ಅದರತ್ತ ನೋಡಲೂ ಇಲ್ಲ. ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ಉಂಡೆ ಮಾಡಿ ತನ್ನ ಕೋಣೆಯ ಬದಿಯಿಂದ ಆ ತೂತಿಗೆ ತುರುಕಿದಳು. ಸೊಳ್ಳೆ ಬರುತ್ತದೆಂಬುದು ನೆಪ. ಮನೆಗೆ ಬಂದ ನೆಂಟರು "ಇದೆಂತ, ಗೆಣಸಾ?" ಎಂದು ನಗುವಾಗ ಅಮ್ಮನೂ ನಗುತ್ತಿದ್ದಳು, ಆದರೆ ಅವಳಿಗೆ ನೋವಾಗಿದೆ ಎಂದು ನನಗೆ ಗೊತ್ತಿತ್ತು. ಕೇಳಿದ್ದು ನವಿಲು, ಸಿಕ್ಕಿದ್ದು ಮುಖವಿಲ್ಲದ ತಾನು. ಸೀರೆಯ ಉಂಡೆ ವರ್ಷಗಟ್ಟಲೆ ಅಲ್ಲೇ ಇತ್ತು.

ಇದೆಲ್ಲ ಆದರೂ ಮೇಸ್ತ್ರಿಗೂ ನನಗೂ ಸಲಿಗೆ ಕಡಿಮೆಯಾಗಲಿಲ್ಲ. ಅವರಿಗೆ ಗಾಡಿ ಬಿಡಲು ಬರುತ್ತಿರಲಿಲ್ಲ, ನನಗೆ ರಜೆಯಲ್ಲಿ ಬೇರೆ ಕೆಲಸವಿರಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತು ಹೆದ್ದಾರಿಯ ಇಕ್ಕೆಲದ ಗೋಡೆಗಳಿಗೆಲ್ಲ ಅಂಕ ಕೊಡುತ್ತ ಬರುತ್ತಿದ್ದರು. ಜೋಡಿ ನವಿಲಿಗೆ ಸೊನ್ನೆ.

ಒಂದು ದಿನ ಹೊನ್ನಾವರದ ಬಸ್‌ಸ್ಟ್ಯಾಂಡಿನ ಬಳಿ ಚಾ ಕುಡಿಯುವಾಗ ನಾನು ಫೋನಿನಲ್ಲಿ ಒಂದು ವಿಡಿಯೋ ಹಾಕಿ ತೋರಿಸಿದೆ. ಯಾವುದೋ ದೇಶದ ತೋಟದಲ್ಲಿ ಹುಲ್ಲಿನ ಮೇಲೆ ತೂತಿನಜ್ಜನ ಒಂದು ಮೂರ್ತಿ. ಅವರ ಪುಸ್ತಕದಲ್ಲಿದ್ದದ್ದೇ. ಮೇಸ್ತ್ರಿ ಹಳೆಯ ಪರಿಚಯದವರನ್ನು ಕಂಡ ಹಾಗೆ ಖುಷಿಪಟ್ಟರು. ಆಗ ವಿಡಿಯೋ ತೆಗೆದವನು ಮೂರ್ತಿಯ ಪಕ್ಕಕ್ಕೆ ನಡೆದ, ಮತ್ತೆ ಅದರ ಹಿಂದಕ್ಕೆ ಹೋದ.

ಮೇಸ್ತ್ರಿ ಲೋಟ ಕೆಳಗಿಟ್ಟರು. "ತಡೀರಿ. ಇದಕ್ಕೆ ಹಿಂದೆ ಅದೆಯಾ?"

"ಅದೆಯಲ್ಲ."

"ಗೋಡೆ ಎಲ್ಲಿ?"

"ಗೋಡೆ ಇಲ್ಲ ಮೇಸ್ತ್ರಿ. ಇವು ಗೋಡೆಗೆ ಮಾಡಿದ್ದೇ ಅಲ್ಲ."

ನನಗೆ ಆಗ ಅರ್ಥವಾಯಿತು. ಆ ಪುಸ್ತಕದಲ್ಲಿ ಎಲ್ಲವೂ ಎದುರಿನಿಂದ ತೆಗೆದ ಫೋಟೋಗಳು, ಹಿಂದೆ ಬರೀ ಕಪ್ಪು. ಹುಟ್ಟಿದಂದಿನಿಂದ ಗೋಡೆಯ ಕೆಲಸವನ್ನೇ ಕಂಡವರು ಮೇಸ್ತ್ರಿ. ಆ ಕಪ್ಪನ್ನು ಗೋಡೆಯೆಂದೇ ತಿಳಿದಿದ್ದರು. ತೂತಿನಜ್ಜ, ಕಡ್ಡಿ ಮಾಮ, ತಂತಿಯಮ್ಮ ಎಲ್ಲರೂ ತಮ್ಮ ಹಾಗೇ ಯಾರದೋ ಮನೆಯ ಮುಂಗೋಡೆಗೆ ಗಾರೆ ಮೆತ್ತುವವರು ಎಂದು ಇಡೀ ಆಯುಷ್ಯ ನಂಬಿಕೊಂಡಿದ್ದರು. ಎದುರಿನ ಅರ್ಧವನ್ನಷ್ಟೇ ನೋಡಿ ಕಲಿತದ್ದನ್ನು ಮೂರು ತಾಲೂಕಿನ ಗೋಡೆಗಳಿಗೆ ಹಚ್ಚಿದ್ದರು. ಅವರು ಆ ವಿಡಿಯೋವನ್ನು ಐದಾರು ಸಲ ಹಾಕಿಸಿದರು. ಚಾ ಆರಿತು. ಸ್ಕೂಟರಿನಲ್ಲಿ ಬರುವಾಗ ಯಾವ ಗೋಡೆಗೂ ಅಂಕ ಕೊಡಲಿಲ್ಲ.

"ಇಷ್ಟು ವರ್ಷ ಅರ್ಧ ಜನರನ್ನ ಮಾಡ್ದೆ ಮಾಸ್ತರ್ರೇ," ಎಂದರು ಇಳಿಯುವಾಗ.

ನಾನು ಸಮಾಧಾನಕ್ಕೆ ಏನೇನೋ ಹೇಳಿದೆ. ಗೋಡೆಯ ಕೆಲಸವೇ ಬೇರೆ, ಅದಕ್ಕೆ ಹಿಂಬದಿ ಬೇಕಾಗಿಲ್ಲ ಎಂದೆ. ಕೇಳುವ ಆಸಾಮಿಯೇ ಅಲ್ಲ. ಮಾರನೆಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹಳೆಯ ಮನೆಗಳ ಬಾಗಿಲು ಬಡಿಯಲು ಹೊರಟರು. ಬಾಗಿಲು ತೆರೆದವರಿಗೆ ಒಂದೇ ಮಾತು: "ಬೆನ್ನು ಬಾಕಿ ಇದೆ."

ಹೆಚ್ಚಿನವರು ಚಾ ಕೊಟ್ಟು ಕಳಿಸಿದರು. ಹಿಂದಿನ ಬದಿಯಲ್ಲಿ ಕಪಾಟಿದೆ, ದೇವರಿದ್ದಾರೆ, ಟಿವಿ ಇದೆ. ಒಪ್ಪಿದವರಲ್ಲಿ ಮೊದಲನೆಯವರು ಭಟ್ಕಳದ ಬದಿಯ ಜಾಲಿಯ ಒಬ್ಬ ನವಾಯತ ಮುಸ್ಲಿಂ ಹಿರಿಯಮ್ಮ. ಹಿಂದೆ ಅವರು ಮುಖ ಬೇಡ, ಪ್ರಾಣಿ ಬೇಡ, ಹಕ್ಕಿಯೂ ಬೇಡ ಎಂದಾಗ ಮೇಸ್ತ್ರಿ ಸಂತೋಷದಿಂದ ಕುಣಿದಿದ್ದರು. ಪುಸ್ತಕದಲ್ಲಿದ್ದದ್ದನ್ನೇ ಕೇಳಿದ ಗಿರಾಕಿ ಮೇಸ್ತ್ರಿಗೆ ಸಿಕ್ಕಿದ್ದು ಇವರೊಬ್ಬರೇ. ಅಂಗಳದ ಸುತ್ತಿನ ಪಾಗಾರದ ಗೋಡೆಯ ಒಳಮೈಗೆ ನುಣ್ಣನೆಯ ಅಲೆಗಳನ್ನೂ ಎರಡು ತೂತುಗಳನ್ನೂ ಮಾಡಿಕೊಟ್ಟಿದ್ದರು. ಈಗ ಅದರ ಬೆನ್ನು ಬೀಳುವುದು ಪಕ್ಕದ ಮನೆಯವರ ಅಂಗಳದಲ್ಲಿ. ಮಳೆನೀರಿನ ವಿಷಯಕ್ಕೆ ಎರಡೂ ಮನೆಗೆ ಮಾತು ಬಿಟ್ಟು ಕಾಲವಾಗಿತ್ತು. ಮೇಸ್ತ್ರಿ ಆಚೆಗೂ ಈಚೆಗೂ ಓಡಾಡಿ ಒಪ್ಪಿಗೆ ತಂದರು. ಕೆಲಸ ನಡೆಯುವಾಗ ಇಬ್ಬರು ಹೆಂಗಸರೂ ಉಸ್ತುವಾರಿಗೆಂದು ತಂತಮ್ಮ ಬದಿಯ ತೂತಿನ ಹತ್ತಿರ ಕುರ್ಚಿ ಹಾಕಿದರು. ಮೂರನೆಯ ದಿನ ತೂತಿನಲ್ಲಿ ಮಾತು ಶುರುವಾಯಿತು, ನಾಲ್ಕನೆಯ ದಿನ ಅದರಲ್ಲೇ ತಟ್ಟೆ ದಾಟಿತು. ಈಗ ಹೊಸ ಜಗಳ. ಆಚೆಯವರು ಹೇಳುತ್ತಾರೆ, ಮುಂದಿನ ಭಾಗ ನಮ್ಮದು, ಅವರಲ್ಲಿರುವುದೇ ಬೆನ್ನು.

ನಮ್ಮ ಮನೆಗೆ ಅವರು ಬಂದದ್ದು ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಅವರ ಬಲಭುಜ ಕೈಕೊಟ್ಟಿತ್ತು. ಕೈಯನ್ನು ಭುಜದ ಮೇಲಕ್ಕೆ ಎತ್ತಬೇಡಿ, ಗಾರೆ ಕೆಲಸ ಸಾಕು ಎಂದು ಡಾಕ್ಟರು ಹೇಳಿದ್ದರು. ಇನ್ನು ಮಾಡಿದರೆ ಒಂದು ಗೋಡೆ, ಅದು ನಮ್ಮದೇ ಆಗಬೇಕೆಂದು ಅವರ ಆಸೆ. ನಮ್ಮ ಮನೆಯಲ್ಲೋ ನನ್ನ ಮಗಳ ಮದುವೆ ನಿಶ್ಚಯವಾಗಿತ್ತು. ಚಪ್ಪರ ಏಳುವ ಮೊದಲು ಜಗಲಿಯ ಗೋಡೆ ಒಡೆದು ಟೈಲ್ಸ್ ಹಾಕಿಸುವುದೆಂದು ಅಮ್ಮ ತೀರ್ಮಾನಿಸಿ ಆಳುಗಳಿಗೂ ಹೇಳಿಯಾಗಿತ್ತು. ಬೀಗರ ಮುಂದೆ ಮುಖವಿಲ್ಲದೆ ನಿಲ್ಲಲು ಅವಳು ತಯಾರಿರಲಿಲ್ಲ.

"ಬೆನ್ನು ಬಾಕಿ ಇದೆ ಅಮ್ಮ," ಎಂದರು ಮೇಸ್ತ್ರಿ ಮೆಟ್ಟಿಲ ಮೇಲೆ ನಿಂತು.

"ಮುಖವೇ ಬಾಕಿ ಇದೆ. ಬೆನ್ನು ಎಂತ ಮಾಡೂಕೆ?"

"ಬೆನ್ನಿಗೆ ಮುಖ ಯಾರೂ ಕೇಳೂದಿಲ್ಲ ಅಲ್ದಾ? ಈ ಸಲ ನಾನು ತಪ್ಪೂಕೆ ಜಾಗವೇ ಇಲ್ಲ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅದನ್ನು ಕಂಡದ್ದೇ ಮೇಸ್ತ್ರಿ ಮುಂದುವರಿದರು. "ಎಂಟು ದಿನ ಕೊಡಿ. ನಿಮಗೆ ಮನಸಿಗೆ ಬರದಿದ್ರೆ ಎರಡೂ ಬದಿ ನಾನೇ ನನ್ನ ಕೈಯಾರೆ ಒಡೆದು ಹೋಗ್ತೆ."

"ಎಂಟೇ ದಿನ. ಆತಾ?"

"ಆತು."

ಅಮ್ಮನ ಮಂಚ ನಡುಮನೆಗೆ ಬಂತು. ಅವಳ ಕೋಣೆಗೆ ಗೋಣಿಚೀಲದ ಪರದೆ ಬಿತ್ತು. ತೂತಿನ ಸೀರೆಯ ಉಂಡೆಯನ್ನು ಮಾತ್ರ ಮೇಸ್ತ್ರಿ ಮುಟ್ಟಲಿಲ್ಲ, ಅದು ಅಮ್ಮನದು, ಅವರೇ ತೆಗೆಯಬೇಕು ಎಂದರು. ಮೇಲಿನ ಕೆಲಸಕ್ಕೆ ಅವರ ಕೈ ಏಳದ್ದರಿಂದ ಏಣಿ ಹತ್ತಿದವನು ನಾನು. ಮೂವತ್ತು ವರ್ಷ ಮಕ್ಕಳಿಗೆ ಸನ್ನೆಕೋಲಿನ ಪಾಠ ಮಾಡಿದವನಿಗೆ ಒಂದು ಬಾಣಲೆ ಗಾರೆ ಎತ್ತಲು ಬರುವುದಿಲ್ಲವೆಂದು ಮೇಸ್ತ್ರಿ ಓಣಿಗೆಲ್ಲ ಕೇಳುವ ಹಾಗೆ ಬೈದರು. ಹೊರಗಿನಿಂದ ಅಮ್ಮನೂ ಸೇರಿಕೊಂಡಳು. "ಅಂವ ಸಣ್ಣಿರುವಾಗಲೂ ಹೀಗೇ, ನೀರಿನ ಕೊಡ ಅರ್ಧ ಚೆಲ್ಲಿಯೇ ತರ್ತಿದ್ದ."

ಎರಡನೆಯ ದಿನ ಮೇಸ್ತ್ರಿ ಕರಣೆ ಕೆಳಗಿಟ್ಟು ನನ್ನನ್ನು ಕೇಳಿದರು.

"ಮಾಸ್ತರ್ರೇ, ನಿಮ್ಮಮ್ಮ ಬರೂದನ್ನ ನಾ ನೋಡಿದ್ದೆ, ನಮ್ಮನೆಗೂ ಮೀನು ತರ್ತಿದ್ರು. ಹೋಗೂದನ್ನ ನೋಡೂಕೆ ಯಾರು ನಿಲ್ತಾರೆ? ಹೋಗುವಾಗ ಹೆಂಗೆ ಕಾಣ್ತಿದ್ರು?"

ನಾನು ಏಣಿಯ ಮೇಲೇ ಕೂತೆ. ಅದು ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಚಿಕ್ಕಂದಿನಲ್ಲಿ ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದದ್ದೇ ಅಮ್ಮನ ಬೆನ್ನು. ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಕಡಲ ಬದಿಯ ಹೊಯ್ಗೆಯ ದಾರಿಯಲ್ಲಿ ಅರ್ಧ ಹೋಗಿರುತ್ತಿದ್ದಳು. ಹೇಳುತ್ತ ಹೋದೆ. ತಲೆಯ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ಬುಟ್ಟಿ. ಸಿಂಬೆಯ ಒಂದು ತುದಿ ಕುತ್ತಿಗೆಯ ಮೇಲೆ ಜೋತಾಡುತ್ತಿತ್ತು. ಬಲಗೈ ಬುಟ್ಟಿಗೆ ಏರಿದ್ದರಿಂದ ಎಡಸೊಂಟ ಸ್ವಲ್ಪ ಕೆಳಗೆ. ಸೀರೆ ಮೊಣಕಾಲ ಹತ್ತಿರಕ್ಕೆ ಎತ್ತಿ ಕಟ್ಟಿದ್ದು. ಹಿಮ್ಮಡಿ ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವ ನಡಿಗೆ. ನಾನು "ಅಮ್ಮಾ" ಎಂದು ಕೂಗುತ್ತಿದ್ದೆ. ಅವಳು ಒಂದು ದಿನವೂ ತಿರುಗಲಿಲ್ಲ. ಕಡಲ ಗಾಳಿಗೆ ಕೇಳಿಸುವುದಿಲ್ಲ ಎಂದುಕೊಳ್ಳುತ್ತಿದ್ದೆ.

ನಾನು ಹೇಳಿ ಮುಗಿಸಿದ ಮೇಲೆ ಮೇಸ್ತ್ರಿ ಕಣ್ಣು ಮುಚ್ಚಿ ಹಸಿ ಗಾರೆಯ ಮೇಲೆ ಅಂಗೈ ಇಟ್ಟರು. ಎಡಸೊಂಟವನ್ನು ಎರಡು ಬೆರಳಷ್ಟು ಕೆಳಗಿಳಿಸಿದರು.

ಎಂಟನೆಯ ದಿನ ಪರದೆ ತೆಗೆಯುವ ಹೊತ್ತಿಗೆ ಸರಿಯಾಗಿ ಅಮ್ಮನ ಹಳೆಯ ಜೊತೆಗಾತಿಯೊಬ್ಬಳು ಬಂದಳು. ಅಮ್ಮನ ಜೊತೆ ಮೀನು ಮಾರಿದವಳು, ಅವಳನ್ನು ಅಕ್ಕ ಎಂದೇ ಕರೆಯುವವಳು. ಗದ್ದೆಯ ಹಾಳಿಯ ಸಪೂರ ದಾರಿಯ ಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ನಡೆಯುವಾಗ ಇವಳ ಜಾಗ ಅಮ್ಮನ ಹಿಂದೆ. ಮದುವೆ ಮನೆಯ ಕೆಲಸಕ್ಕೆ ಕೈ ಜೋಡಿಸಲು ಬಂದವಳಿಗೆ ಗೋಡೆಯ ವಿಷಯ ಏನೂ ಗೊತ್ತಿರಲಿಲ್ಲ.

ಅಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಪರದೆ ಸರಿಯಿತು. ಗೋಡೆಯೊಳಗೆ ನಡೆದು ಹೋಗುತ್ತಿರುವ ಹೆಂಗಸು. ಸಿಂಬೆಯ ತುದಿ, ಎತ್ತಿದ ಕೈ, ಇಳಿದ ಸೊಂಟ, ನೆಲ ಬಿಟ್ಟ ಹಿಮ್ಮಡಿ. ಅಮ್ಮನ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ತನ್ನ ಬೆನ್ನನ್ನು ತಾನು ಕಂಡವರು ಯಾರು? ಅವಳಿಗೆ ಗುರುತು ಹತ್ತಲಿಲ್ಲ. ಮೇಸ್ತ್ರಿ ಮೆಲ್ಲಗೆ ಸುತ್ತಿಗೆ ಎತ್ತಿಕೊಂಡು, ಕೈ ತೊಳೆಯುವ ನೆಪದಲ್ಲಿ ಜಗಲಿಗೆ ಹೋಗಿಬಿಟ್ಟರು.

ಜೊತೆಗಾತಿ ಹಿಂದಿನಿಂದ ಇಣುಕಿದವಳು ಅಮ್ಮನನ್ನು ಸರಿಸಿ ಒಳಗೆ ಬಂದಳು.

"ಅಯ್ಯೋ, ಇದು ನಮ್ಮಕ್ಕ ಅಲ್ದಾ!"

"ಎಲ್ಲಿ?" ಎಂದಳು ಅಮ್ಮ.

"ಎಲ್ಲಿ ಅಂದ್ರೆ? ಈ ಬೆನ್ನು ನೋಡ್ಕಂಡೇ ನಾ ಇಷ್ಟು ವರ್ಷ ನಡೆದದ್ದು. ಮುಖವಾದ್ರೂ ಮರ್ತೀತು, ಇದು ಮರೀತದಾ? ಸೊಂಟ ನೋಡು. ನಿಧಾನ ಹೋಗೇ ಅಂದ್ರೆ ಕೇಳ್ತಿರ್ಲಿಲ್ಲ ಇವಳು!" ಎನ್ನುತ್ತ ಅವಳು ಗೋಡೆಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಇಷ್ಟು ವರ್ಷದ ಸಿಟ್ಟು ಅದರಲ್ಲಿತ್ತು.

ಅಮ್ಮ ಹತ್ತಿರ ಬಂದಳು. ಮೇಸ್ತ್ರಿಯ ಷರತ್ತು ಅವಳಿಗೆ ನೆನಪಿತ್ತೇನೋ, ಕಣ್ಣು ಮುಚ್ಚಿ ಅಂಗೈ ಇಟ್ಟಳು. ಸೊಂಟದಿಂದ ಮೇಲಕ್ಕೆ, ಕುತ್ತಿಗೆಯ ಸಿಂಬೆಯ ತುದಿಗೆ, ಎತ್ತಿದ ತೋಳಿಗೆ. ಅಲ್ಲಿ ಕೈಗೆ ಸೀರೆಯ ಉಂಡೆ ಸಿಕ್ಕಿತು. ಅದನ್ನು ಎಳೆದು ತೆಗೆದಳು. ತೂತಿನಿಂದ ಜಗಲಿಯ ಬೆಳಕು ಒಳಗೆ ಬಿತ್ತು, ಗಾಳಿಯೂ ಬಂತು. ಆಚೆ ಬದಿಯಲ್ಲಿ ಮೇಸ್ತ್ರಿಯ ಒಂದು ಕಣ್ಣು ಕಾಣಿಸಿತು.

"ಎಂತ ಆತು ಅಮ್ಮ? ಒಡೀಲಾ?"

"ಸುತ್ತಿಗೆ ಅಲ್ಲಿಡಿ ಮೇಸ್ತ್ರಿ. ಕೂತ್ಕಳಿ, ಚಾ ಮಾಡ್ತೆ," ಎಂದಳು ಅಮ್ಮ, ತೂತಿನಲ್ಲೇ.

ಜೊತೆಗಾತಿ ಒಲೆಯ ಕಡೆ ನಡೆದಳು. ಅಮ್ಮ ಮಾತ್ರ ಗೋಡೆಯ ಮೇಲಿನ ಕೈ ತೆಗೆಯಲಿಲ್ಲ. ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದಳು.

"ನೀ ಹಿಂದಿಂದ ಕೂಗೂದು ಕೇಳ್ತಿತ್ತು ಮಗಾ. ದಿನಾ ಕೇಳ್ತಿತ್ತು. ತಿರುಗಿದ್ರೆ ಬುಟ್ಟಿ ಇಳಿಸ್ಬೇಕಾಗ್ತಿತ್ತು."